ವಿಂಡೋಸ್ 11 ಅಪ್‌ಗ್ರೇಡ್ ಅರ್ಧದಲ್ಲೇ ವಾಪಸ್ ಬಂದರೆ

ಅಪ್‌ಗ್ರೇಡ್ ಮಾಡಿದಾಗ ಒಂದು ಸಲ ರೀಸ್ಟಾರ್ಟ್ ಆಗಿ ಮತ್ತೆ ವಿಂಡೋಸ್ 10ಕ್ಕೇ ಬರುತ್ತಿದೆ, 0ಎಕ್ಸ್‌ಸಿ1900101 ಅಂತ ಎರರ್ ತೋರಿಸುತ್ತಿದೆ, ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಈ ಕೋಡ್ ಬಂದರೆ ಹೆಚ್ಚಾಗಿ ಯಾವುದೋ ಡ್ರೈವರ್, ಅಂದರೆ ಪ್ರಿಂಟರ್, ಡಿಸ್ಕ್‌ನಂಥವನ್ನು ವಿಂಡೋಸ್ ಜೊತೆ ಕೆಲಸ ಮಾಡಿಸುವ ಸಾಫ್ಟ್‌ವೇರ್, ಕೈಕೊಟ್ಟಿರುತ್ತದೆ. ಸುಮ್ನೆ ಮತ್ತೆ ಮತ್ತೆ ಪ್ರಯತ್ನಿಸಿದರೆ ಅಲ್ಲೇ ನಿಲ್ಲುತ್ತದೆ.

ಯಾವ ಡ್ರೈವರ್ ಅಂತ ಮೊದಲು ಹುಡುಕಿ. ಮೈಕ್ರೋಸಾಫ್ಟ್‌ನ ಸೆಟಪ್‌ಡಯಾಗ್ ಅನ್ನುವ ಉಚಿತ ಟೂಲ್ ಅಪ್‌ಗ್ರೇಡ್ ಲಾಗ್‌ಗಳನ್ನು (ಏನೇನಾಯಿತು ಅಂತ ಬರೆದಿಟ್ಟ ಫೈಲ್‌ಗಳನ್ನು) ಓದಿ ಕಾರಣ ಹುಡುಕುತ್ತದೆ. ಅದರಲ್ಲಿ ‘ಓಇಎಂ12.ಐಎನ್‌ಎಫ್’ ತರಹದ ಹೆಸರು ಬಂದರೆ ನೋಡಿದ ಕೂಡಲೇ ಏನೂ ಗೊತ್ತಾಗುವುದಿಲ್ಲ, ಅಲ್ವಾ? ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಪಿಎನ್‌ಪಿಯುಟಿಲ್ ಕಮಾಂಡ್‌ನಿಂದ ಡ್ರೈವರ್‌ಗಳ ಪಟ್ಟಿ ತೆಗೆಯಿರಿ. ಆ ಹೆಸರಿನ ಕೆಳಗೇ ಮೂಲ ಫೈಲ್ ಹೆಸರು, ಕಂಪನಿ, ತಾರೀಖು ಎಲ್ಲ ಇರುತ್ತದೆ. ಎಂದೋ ಬಿಟ್ಟ ಪ್ರಿಂಟರ್‌ನ ಡ್ರೈವರ್ ಕೂಡ ಅಲ್ಲಿ ಇನ್ನೂ ಕೂತಿರಬಹುದು.

ಬೇಡದ ಡ್ರೈವರ್ ಆದರೆ ತೆಗೆದುಹಾಕಿ. ಬೇಕಾದದ್ದಾದರೆ ಕಂಪ್ಯೂಟರ್ ಕಂಪನಿಯ ಸೈಟ್‌ನಿಂದ ಹೊಸದನ್ನು ಹಾಕಿ. ಡಿಸ್ಕ್ ನಡೆಸುವ ಸ್ಟೋರೇಜ್ ಡ್ರೈವರ್ ಅನ್ನು ಮಾತ್ರ ದಯವಿಟ್ಟು ತೆಗೆಯಬೇಡಿ, ಅಪ್‌ಡೇಟ್ ಅಷ್ಟೇ ಮಾಡಿ. ಇಲ್ಲದಿದ್ದರೆ ಕಂಪ್ಯೂಟರ್ ಬೂಟ್ ಆಗದೇ ಹೋಗಬಹುದು.

ವಿಂಡೋಸ್‌ನದ್ದಲ್ಲದೆ ಬೇರೆ ಆಂಟಿವೈರಸ್ ಹಾಕಿದ್ದರೆ ಅದನ್ನೂ ತೆಗೆಯಿರಿ. ಬ್ಯಾಕಪ್ ತೆಗೆದುಕೊಂಡು, ಕೀಬೋರ್ಡ್, ಮೌಸ್ ಬಿಟ್ಟು ಉಳಿದ ಯುಎಸ್‌ಬಿಗಳನ್ನೆಲ್ಲ ಕಳಚಿ ಮತ್ತೊಮ್ಮೆ ಅಪ್‌ಗ್ರೇಡ್ ಮಾಡಿ. ಆಗಲೂ ನಿಂತರೆ ಸೆಟಪ್‌ಡಯಾಗ್ ವರದಿಯನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.