ಮನೆಯೊಳಗಿನ ಕುಂಡದ ಮಣ್ಣಿಗೆ ಸಾವಯವ ಗೊಬ್ಬರ ಹಾಕಿದ್ರೆ ಹುಳ ಬರುತ್ತಾ?

ಗೊಬ್ಬರದಿಂದ ಹುಳ ಬರುತ್ತೆ ಅನ್ನೋದು ಅರ್ಧ ಸತ್ಯ ಅಷ್ಟೇ, ಪೂರ್ತಿ ಕೊಳೀದೇ ಇರೋ ಗೊಬ್ಬರ ಹಾಕಿ ಮೇಲಿಂದ ದಿನಾ ನೀರು ಸುರಿದ್ರೆ ಖಂಡಿತ ಬರುತ್ತೆ. ಮಣ್ಣಲ್ಲಿ ಐದರಲ್ಲಿ ಒಂದು ಭಾಗ ಚೆನ್ನಾಗಿ ಕಳಿತ ಎರೆಹುಳು ಗೊಬ್ಬರ ಸಾಕು, ಜೊತೆಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ನೀರು ಬಸಿಯೋಕೆ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು), ಕುಂಡಕ್ಕೆ ಒಂದೆರಡು ಚಮಚ ಬೇವಿನ ಹಿಂಡಿ. ಮೂಳೆ ಪುಡಿ ರಂಜಕ ಕೊಡುತ್ತೆ ನಿಜ, ಆದ್ರೆ ತುಂಬಾ ನಿಧಾನ, ಇವತ್ತು ಹಾಕಿ ನಾಳೆ ಹೂ ಕೇಳ್ಬೇಡಿ.

ಕುಂಡದ ಸುತ್ತ ಹಾರೋ ಸಣ್ಣ ಕಪ್ಪು ನೊಣ ಇದ್ಯಲ್ಲ, ಫಂಗಸ್ ನ್ಯಾಟ್, ಅದರ ಮರಿಗಳು ಇರೋದು ಹಸಿ ಮಣ್ಣಿನ ಮೇಲಿನ 2-3 ಇಂಚಲ್ಲಿ, ಅಲ್ಲಿರೋ ಬೂಸ್ಟು, ಎಳೆ ಬೇರು ತಿಂದು ಬದುಕ್ತವೆ, ಹಾಗಾಗಿ ಮೇಲ್ಪದರ ಒಣಗೋವರೆಗೂ ನೀರು ಹಾಕ್ಬೇಡಿ, ಅರ್ಧ ಕಾಟ ಅಲ್ಲೇ ಮುಗೀತು. ಹಳದಿ ಅಂಟು ಕಾರ್ಡ್ ಹಾರೋವನ್ನ ಮಾತ್ರ ಹಿಡಿಯುತ್ತೆ, ಮರಿಗಳಿಗೆ ಬಿಟಿಐ ಅನ್ನೋ, ಮರಿಗಳನ್ನ ಸಾಯಿಸೋ ಬ್ಯಾಕ್ಟೀರಿಯಾ ಪುಡಿನ ನೀರಲ್ಲಿ ಕಲಸಿ ಹಾಕ್ಬೇಕು. ಒಂದು ಸಲ ಹಾಕಿ ಬಿಟ್ರೆ ಪ್ರಯೋಜನ ಇಲ್ಲ, ಮೊಟ್ಟೆಯಿಂದ ನೊಣ ಆಗೋಕೆ 3-4 ವಾರ ಬೇಕು, ಅಷ್ಟು ದಿನ ವಾರಕ್ಕೊಂದ್ಸಲ ಹಾಕಿ.

ಕೆಂಪು ನುಸಿ ಇದಕ್ಕೆ ಉಲ್ಟಾ, ಅದಕ್ಕೆ ಒಣ ಬಿಸಿ ಗಾಳಿ ಇಷ್ಟ. ಎಲೆ ಹಿಂಭಾಗ ನೋಡ್ತಿರಿ, ಚುಕ್ಕಿ ಅಥವಾ ಸಣ್ಣ ಬಲೆ ಕಂಡ್ರೆ ಮೊದ್ಲು ನೀರಲ್ಲಿ ತೊಳೀರಿ, ಆಮೇಲೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಒಂಚೂರು ಸೋಪು ದ್ರಾವಣ ಕಲಸಿ ಸಿಂಪಡಿಸಿ, ಅದೂ ಗಿಡಕ್ಕೆ ಹಾಕಿರೋ ಲೈಟ್ ಆಫ್ ಆದ್ಮೇಲೆ, ಇಲ್ಲಾಂದ್ರೆ ಎಲೆ ಸುಡುತ್ತೆ.

ಹೊಸ ಗಿಡ ತಂದ್ರೆ ಎರಡು ವಾರ ಬೇರೆ ರೂಮಲ್ಲಿಡಿ, ಹುಳ ಜಾಸ್ತಿ ಒಳಗೆ ಬರೋದು ಆ ದಾರೀಲೇ.