ಬಣ್ಣ ಹೊಡೆಸುವ ಮೊದಲು ಹರಿಹರಕ್ಕೊಮ್ಮೆ ಹೋಗಿ ಬನ್ನಿ

ಈ ಸಲದ ಪತ್ರ ಹೊಳಲ್ಕೆರೆ ಕಡೆಯ ಒಂದು ಹಳ್ಳಿಯಿಂದ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. ಸಾರ ಇಷ್ಟು: ಊರಿನ ಹಳೆಯ ಕಲ್ಲುಗುಡಿಯ ಜೀರ್ಣೋದ್ಧಾರಕ್ಕೆ ದುಡ್ಡು ಸೇರಿದೆ. ಕಂಬ, ಬಾಗಿಲವಾಡ, ದ್ವಾರಪಾಲಕರು, ಗೋಡೆಯ ಮೂರ್ತಿಗಳನ್ನೆಲ್ಲ ಮೊದಲು ಸ್ಯಾಂಡ್ ಬ್ಲಾಸ್ಟಿಂಗ್ (ಮರಳು ಹಾರಿಸಿ ಕೊಳೆ ತೆಗೆಯುವುದು) ಮಾಡಿಸಿ, ಆಮೇಲೆ ಆಯಿಲ್ ಪೇಂಟ್ ಹೊಡೆಸಬೇಕು ಅಂತ ಕಮಿಟಿ ತೀರ್ಮಾನಿಸಿದೆ. ಪತ್ರ ಬರೆದವರು ಬೇಡ ಎಂದರಂತೆ. ಆಗ ಮೀಟಿಂಗಿನಲ್ಲಿದ್ದ ಹುಡುಗನೊಬ್ಬ, "ಅಜಂತಾದಲ್ಲಿ ಬಳಿದರೆ ಕಲೆ, ಇಟಲಿಯಲ್ಲಿ ಬಳಿದರೆ ಕಲೆ, ನಮ್ಮೂರಲ್ಲಿ ಬಳಿದರೆ ಮಾತ್ರ ತಪ್ಪಾ?" ಎಂದು ಕೇಳಿದ. ಇವರಿಗೆ ಉತ್ತರ ಹೊಳೆಯಲಿಲ್ಲ. "ಏನು ಹೇಳಲಿ?" ಎಂದು ನಮ್ಮನ್ನು ಕೇಳಿದ್ದಾರೆ.

ಸ್ವಾಮಿ, ಆ ಹುಡುಗನನ್ನು ಬೈಯಬೇಡಿ. ಮಂಡಕ್ಕಿ-ಮಿರ್ಚಿ ಮುಗಿದ ಕೂಡಲೇ ಮುಗಿಯುವ ಕಮಿಟಿ ಮೀಟಿಂಗಿನಲ್ಲಿ ಇಂಥ ಪ್ರಶ್ನೆ ಕೇಳುವವರು ಸಿಗುವುದೇ ಅಪರೂಪ. ಅವನ ಪರವಾಗಿ ನಾವೇ ಎರಡು ಮಾತು ಸೇರಿಸುತ್ತೇವೆ. ಗ್ರೀಸ್, ರೋಮ್‌ನ ಬಿಳಿ ಅಮೃತಶಿಲೆಯ ಮೂರ್ತಿಗಳನ್ನು ಚಿತ್ರದಲ್ಲಿ ನೋಡಿರುತ್ತೀರಲ್ವಾ? ಅವಕ್ಕೂ ಒಂದು ಕಾಲದಲ್ಲಿ ಬಣ್ಣವಿತ್ತು. 1863ರಲ್ಲಿ ರೋಮ್ ಹತ್ತಿರ ಸಿಕ್ಕ ಅಗಸ್ಟಸ್ ಚಕ್ರವರ್ತಿಯ ಮೂರ್ತಿಯ ಮೇಲೆ ಬಣ್ಣದ ಗುರುತು ಇನ್ನೂ ಉಳಿದಿತ್ತು. ನಮ್ಮ ಎಲ್ಲೋರದ ಕೈಲಾಸ ಗುಡಿಗೂ ಗಾರೆ ಮೆತ್ತಿ ಬಣ್ಣ ಹಾಕಿದ್ದರು. ಹಾಗಾಗಿ "ಹಿಂದಿನವರು ಕಲ್ಲಿಗೆ ಬಣ್ಣ ಮುಟ್ಟಿಸಲಿಲ್ಲ" ಎಂದು ವಾದ ಮಾಡಲು ಹೋಗಬೇಡಿ, ಸೋಲುತ್ತೀರಿ.

ಅವರು ಬಣ್ಣವನ್ನು ಹೇಗೆ ಕೂರಿಸಿದರು ಎಂಬುದನ್ನು ಹುಡುಗನಿಗೆ ಹೇಳಿ. ಇಟಲಿಯ ಪಾಂಪೆ ಪಟ್ಟಣ ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋಯಿತು. ಅಗೆದಾಗ ಅಲ್ಲಿನ ಮನೆಗಳ ಗೋಡೆಗಳಲ್ಲಿ ಕೆಂಪು, ಹಳದಿ ಹಾಗೆಯೇ ಇತ್ತು. ಕಾರಣ ಸುಣ್ಣ. ಗಾರೆ ಇನ್ನೂ ಹಸಿ ಇರುವಾಗಲೇ ನೀರಲ್ಲಿ ಕಲಸಿದ ಬಣ್ಣ ಬಳಿಯುತ್ತಿದ್ದರು. ಸುಣ್ಣ ಒಣಗುತ್ತಾ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗುತ್ತದೆ, ಬಣ್ಣದ ಕಣಗಳನ್ನು ಒಳಗೇ ಹಿಡಿದುಕೊಳ್ಳುತ್ತದೆ. ಅದೇ ಫ್ರೆಸ್ಕೊ. ಒಂದು ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟೇ ಗಾರೆ ಮೆತ್ತಬೇಕು, ತಪ್ಪಿದರೆ ಅಷ್ಟನ್ನೂ ಕೆತ್ತಿ ತೆಗೆಯಬೇಕು. ಅಜಂತಾದ ದಾರಿ ಬೇರೆ. ಅಲ್ಲಿ ನಾರು ಬೆರೆಸಿದ ಮಣ್ಣಿನ ಗಾರೆ, ಅದರ ಮೇಲೆ ತೆಳು ಸುಣ್ಣ, ಒಣಗಿದ ಮೇಲೆ ಅಂಟಿನಲ್ಲಿ ಕಲಸಿದ ಬಣ್ಣ. ಇಟಲಿಯದೇ ಆದ ರವೆನ್ನಾ ಪಟ್ಟಣದ ಸಾನ್ ವಿಟಾಲೆ ಚರ್ಚಿನ 6ನೇ ಶತಮಾನದ ಮೊಸಾಯಿಕ್‌ನಲ್ಲಿ ಬಣ್ಣ ಬಳಿಯುವ ಮಾತೇ ಇಲ್ಲ, ಎಲ್ಲ ಗಾಜಿನ, ಕಲ್ಲಿನ ಪುಟ್ಟ ಚೂರುಗಳು. ಚಿನ್ನದ ಹಾಳೆಯನ್ನು ಗಾಜಿನ ನಡುವೆ ಸೇರಿಸಿ, ಒಂದೊಂದು ಚೂರನ್ನೂ ಚೂರೇ ಚೂರು ಓರೆಯಾಗಿ ಕೂರಿಸಿದ್ದಾರೆ. ನೀವು ನಡೆದ ಹಾಗೆ ಗೋಡೆ ಮಿನುಗುತ್ತದೆ. ಯಾರಾದರೂ ನೀಟಾಗಲಿ ಅಂತ ಅದನ್ನು ಸಪಾಟು ಮಾಡಿದರೆ ಚಿನ್ನವೆಲ್ಲ ಇದ್ದೂ ಮಿನುಗು ಹೋಗಿಬಿಡುತ್ತದೆ.

ಇವೆಲ್ಲದರ ಜೀವ ಇರುವುದು ಮೇಲಿನ ಒಂದು ತೆಳು ಪದರದಲ್ಲಿ. ನಿಮ್ಮ ಗುಡಿಯ ಕಥೆಯೂ ಅದೇ.

ನೀವು ಕಳಿಸಿದ ಫೋಟೋ ನೋಡಿದರೆ ಕಲ್ಲು ಬಳಪದ ಕಲ್ಲಿನ ಹಾಗೆ ಕಾಣುತ್ತದೆ. ನಮ್ಮ ಕಡೆ ಹೊಯ್ಸಳರು, ಅವರಿಗಿಂತ ಮುಂಚೆ ಕಲ್ಯಾಣದ ಚಾಲುಕ್ಯರು ಬಳಸಿದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ. ಅದಕ್ಕೇ ಸರದ ಮಣಿ, ಕಾಲಿನ ಗೆಜ್ಜೆಯವರೆಗೆ ಕೆತ್ತಲು ಆಯಿತು. ಗಾಳಿಗೆ ಒಡ್ಡಿಕೊಂಡ ಮೇಲೆ ಹೊರಮೈ ಗಟ್ಟಿಯಾಗುತ್ತದೆ. ಸ್ಯಾಂಡ್ ಬ್ಲಾಸ್ಟಿಂಗ್‌ನವನು ಒತ್ತಡದಲ್ಲಿ ಮರಳು ಹಾರಿಸಿದಾಗ ಕೊಳೆಯ ಜೊತೆ ಈ ಗಟ್ಟಿ ಹೊರಮೈಯೂ ಹೋಗುತ್ತದೆ, ಮೂಗು, ಬೆರಳು, ಮಣಿಗಳ ಅಂಚೂ ಹೋಗುತ್ತದೆ. ಶಾಸನದ ಅಕ್ಷರಗಳಿದ್ದರಂತೂ ಮುಗಿಯಿತು. ಸಂಜೆ ನೋಡುವಾಗ ಗುಡಿ ಹೊಸದಾಗಿ ಕಾಣುತ್ತದೆ, ಎಲ್ಲರೂ ಖುಷಿ ಪಡುತ್ತಾರೆ. ಹೋದದ್ದೇನು ಅಂತ ಹಳೆಯ ಫೋಟೋ ಪಕ್ಕದಲ್ಲಿಟ್ಟಾಗಲೇ ಗೊತ್ತಾಗುವುದು.

ಇನ್ನು ಆಯಿಲ್ ಪೇಂಟ್. ಕಲ್ಲು ನೆಲದಿಂದ, ಸೋರುವ ಮಾಡಿನಿಂದ ತೇವ ಎಳೆದುಕೊಳ್ಳುತ್ತದೆ, ಮೈಯಿಂದ ಹೊರಗೆ ಬಿಡುತ್ತದೆ. ಪೇಂಟು ಬಳಿದರೆ ಒದ್ದೆ ಮೈಗೆ ರೈನ್‌ಕೋಟ್ ತೊಡಿಸಿದ ಹಾಗೆ. ತೇವ ಒಳಗೇ ನಿಲ್ಲುತ್ತದೆ. ಅದರಲ್ಲಿನ ಉಪ್ಪು ಪೇಂಟಿನ ಹಿಂದೆ ಹರಳುಗಟ್ಟುತ್ತದೆ. ಕೆಲವು ವರ್ಷಕ್ಕೆ ಪೇಂಟು ಚಕ್ಕೆ ಏಳುವಾಗ ಕಲ್ಲನ್ನೂ ಕಿತ್ತುಕೊಂಡು ಬರುತ್ತದೆ. ಆಗ ಕಮಿಟಿ ಮತ್ತೊಂದು ಕೋಟ್ ಹೊಡೆಸುತ್ತದೆ. ಹಳೆಯ ಸುಣ್ಣಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಆಯಿಲ್ ಪೇಂಟ್ ಬಿಡುವುದಿಲ್ಲ.

ಒಳ್ಳೆಯ ಉದ್ದೇಶದಿಂದಲೇ ಕೆಟ್ಟ ಉದಾಹರಣೆಯೂ ಇದೆ. 1920ರ ದಶಕದ ಆರಂಭದಲ್ಲಿ ಅಜಂತಾ ಚಿತ್ರಗಳನ್ನು ಉಳಿಸಲು ನಿಜಾಮ್ ಸರ್ಕಾರ ಇಟಲಿಯಿಂದ ಪರಿಣಿತರನ್ನೇ ಕರೆಸಿತು. ಉದುರುತ್ತಿದ್ದ ಗಾರೆಯನ್ನು ಅವರು ಚೆನ್ನಾಗಿ ಹಿಡಿದು ನಿಲ್ಲಿಸಿದರು. ಆದರೆ ಮೇಲೆ ಬಳಿದ ಅರಗಿನ ವಾರ್ನಿಶ್ ಕಾಲ ಕಳೆದಂತೆ ಹಳದಿಯಾಯಿತು, ಅದನ್ನು ತೆಗೆಯುವುದೇ ದೊಡ್ಡ ಕೆಲಸವಾಯಿತು. ಪರಿಣಿತರ ಪಾಡೇ ಹೀಗಾದರೆ, ಚದರಡಿಗೆ ರೇಟು ಹೇಳುವ ಪೇಂಟರ್ ಕೈಗೆ ಕೊಟ್ಟರೆ ಏನಾದೀತು?

ಒಂದು ಎಚ್ಚರಿಕೆ. ಗುಡಿಯ ಮಾಡಿನ ಕೆಳಗೆ ಹಳೆಯ ಸುಣ್ಣದ ಪದರ ಇದೆ ಎಂದು ಬರೆದಿದ್ದೀರಿ. ಅದನ್ನು ಸುಮ್ನೆ ಕೆರೆಯಬೇಡಿ. ತಂಜಾವೂರಿನ ದೊಡ್ಡ ಗುಡಿಯಲ್ಲಿ ನಾಯಕರ ಕಾಲದ ಚಿತ್ರಗಳ ಅಡಿಯಲ್ಲಿ ಚೋಳರ ಚಿತ್ರಗಳಿವೆ ಎಂದು ಗೊತ್ತಾದದ್ದು 1931ರಲ್ಲಿ. ಚರ್ಚಾಗಿದ್ದು ಆಮೇಲೆ ಮಸೀದಿಯಾದ ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದಲ್ಲಿ ಗಾರೆಯಡಿ ಮುಚ್ಚಿಹೋಗಿದ್ದ ಮೊಸಾಯಿಕ್‌ಗಳನ್ನು ಬಿಡಿಸಲು ಶುರು ಮಾಡಿದ್ದೂ ಅದೇ ವರ್ಷ. ಅಷ್ಟು ದೂರ ಯಾಕೆ, ನಮ್ಮ ಹಿರಿಯೂರಿನ ತೇರುಮಲ್ಲೇಶ್ವರ ಗುಡಿಯ ಒಳಮಾಡಿನಲ್ಲೂ ಹಳೆಯ ಚಿತ್ರಗಳಿವೆ. ಎಷ್ಟು ಜನ ತಲೆ ಎತ್ತಿ ನೋಡಿದ್ದಾರೋ! ನಿಮ್ಮಲ್ಲಿ ಏನೂ ಇಲ್ಲದೆಯೂ ಇರಬಹುದು. ಗೊತ್ತಿರುವವರು ಬಂದು ನೋಡುವವರೆಗೆ ಮುಟ್ಟದಿದ್ದರೆ ನಷ್ಟವೇನೂ ಇಲ್ಲ.

"ಹಾಗಾದರೆ ದುಡ್ಡು ಏನು ಮಾಡೋಣ?" ಎಂದು ಕಮಿಟಿ ಕೇಳುತ್ತದೆ, ನ್ಯಾಯವಾಗಿಯೇ. ಮೊದಲು ಮಾಡು ಸೋರುವುದನ್ನು ನಿಲ್ಲಿಸಿ, ಅದೂ ಸಿಮೆಂಟ್ ಬೇಡ, ಸುಣ್ಣದ ಗಾರೆ ಬಲ್ಲವರನ್ನು ಹುಡುಕಿ. ಮಳೆನೀರು ಪಾಯದ ಬುಡದಲ್ಲಿ ನಿಲ್ಲದ ಹಾಗೆ ಚರಂಡಿ ಮಾಡಿಸಿ. ಸಂದಿಯಲ್ಲಿ ಹುಟ್ಟಿದ ಅರಳಿ ಸಸಿಗಳನ್ನು ಚಿಕ್ಕವಿರುವಾಗಲೇ ತೆಗೆಸಿಬಿಡಿ. ದೀಪದ ಎಣ್ಣೆಗೆ ಬೇರೆ ಜಾಗ ಮಾಡಿಕೊಡಿ. ಪೂಜೆ ನಿಲ್ಲಿಸಿ ಅಂತ ನಾವು ಹೇಳುವುದಿಲ್ಲ. ಪೂಜೆ ನಿಂತ ಗುಡಿಗಳನ್ನು ನಿಧಿ ಆಸೆಯವರು ಅಗೆದು ಹಾಕುವುದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾ? ಗುಡಿ ಮುಜರಾಯಿಗೆ ಸೇರಿದ್ದೋ, ಸಂರಕ್ಷಿತ ಸ್ಮಾರಕವೋ ಎಂಬುದನ್ನೂ ವಿಚಾರಿಸಿ. ಸಂರಕ್ಷಿತವಾಗಿದ್ದರೆ ಇಲಾಖೆಯ ಒಪ್ಪಿಗೆ ಇಲ್ಲದೆ ಕೈ ಹಾಕುವುದು ಕಾನೂನಿನ ಪ್ರಕಾರವೇ ತಪ್ಪು. ಪುರಾತತ್ವ ಇಲಾಖೆಗೆ ಫೋಟೋ ಸಮೇತ ಒಂದು ಅರ್ಜಿ ಕೊಡಿ.

ಅದಕ್ಕೂ ಮೊದಲು ಕಮಿಟಿಯವರನ್ನೆಲ್ಲ ಒಂದು ದಿನ ಹರಿಹರಕ್ಕೆ ಕರೆದುಕೊಂಡು ಹೋಗಿ. ಹೊಯ್ಸಳ ಎರಡನೇ ನರಸಿಂಹನ ಕಾಲದಲ್ಲಿ, 1224ರ ಹೊತ್ತಿಗೆ, ಪೋಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರ ಗುಡಿ. ಮಂಟಪದ ಕಡೆದ ಕಂಬಗಳ ಮುಂದೆ ಆ ಹುಡುಗನನ್ನು ನಿಲ್ಲಿಸಿ, ಅಂಚುಗಳ ಮೇಲೆ ಬೆಳಕು ಹೇಗೆ ಸುತ್ತುತ್ತದೆ ನೋಡು ಅನ್ನಿ. ಅದರ ಮೇಲೆ ಯಾವ ಬಣ್ಣ ಹೊಡೆಯೋಣ ಎಂದು ಅವನನ್ನೇ ಕೇಳಿ.

ಪೇಂಟರ್‌ಗೆ ಈಗಾಗಲೇ ಅಡ್ವಾನ್ಸ್ ಕೊಟ್ಟಾಗಿದ್ದರೆ ಕಾಂಪೌಂಡ್ ಗೋಡೆ ಬಳಿಸಿ, ಎಷ್ಟು ಬಣ್ಣ ಬೇಕಾದರೂ ಹೊಡೆಯಲಿ. ಅಧ್ಯಕ್ಷರಿಗೆ ಈ ಪುಟವನ್ನೇ ಓದಿ ಹೇಳಿ. ಬೈಯುವುದಿದ್ದರೆ ನಮ್ಮನ್ನೇ ಬೈಯಲಿ.

— ಸಂಪಾದಕ