ಚರಣವನ್ನೂ ಕೇಳಿ, ಆಮೇಲೆ ಜಗಳ ಆಡೋಣ

(ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: "2024ರ ಅಕ್ಟೋಬರಿನಲ್ಲಿ ಮಗಳ ಮನೆಗೆಂದು ಅಮೆರಿಕದ ನ್ಯೂಜೆರ್ಸಿಗೆ ಹೋಗಿದ್ದೆ. ಟಿವಿಯಲ್ಲಿ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಗಿಟಾರ್ ಹಿಡಿದು ಕಮಲಾ ಹ್ಯಾರಿಸ್ ಪರ ಸಭೆಯಲ್ಲಿ ಹಾಡುತ್ತಿದ್ದರು. ಅಳಿಯ ಟಿವಿ ಆಫ್ ಮಾಡಿದರು. 'ಹಾಡೋರು ಹಾಡಬೇಕು, ಓಟು ಕೇಳಬಾರದು. ಇಷ್ಟು ವರ್ಷ ಗಳಿಸಿದ ಹೆಸರನ್ನ ಕೈಯಾರೆ ಹಾಳು ಮಾಡಿಕೊಂಡ' ಅಂದರು. ಕಾಲೇಜಿನ ದಿನಗಳಿಂದ ಅವರ ಹಾಡು ಕೇಳಿದವನು ನಾನು. ಆದರೂ ಉತ್ತರ ಹೊಳೆಯಲಿಲ್ಲ. ನೀವೇನಂತೀರಿ? ಇನ್ನೊಂದು ಮಾತು. ಪಕ್ಷದವರು ದುಡ್ಡು ಕಟ್ಟಿ ಹಾಡು ಹಾಕಿದರೆ ಹಾಡಿದವರು ಬೇಡ ಅನ್ನಬಹುದೇ? ಅವರು ಸತ್ತ ಮೇಲೆ ಹೇಳುವವರು ಯಾರು?")

ನಮಸ್ಕಾರ.

ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ಎರಡು ಸಾಲಿನಲ್ಲಿ ಮುಗಿಸುವ ಉತ್ತರ ಇದಲ್ಲ, ಅದಕ್ಕೇ ತಡ. ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಅಳಿಯಂದಿರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಅವರ ಬೇಜಾರು ನನಗೆ ಅರ್ಥವಾಗುತ್ತದೆ. ನಾವು ಇಷ್ಟಪಟ್ಟ ದನಿ ನಮಗೆ ಬೇಡದ ಮಾತು ಆಡಿದಾಗ ಮನೆಯವರೇ ತಿರುಗಿಬಿದ್ದ ಹಾಗೆ ಆಗುತ್ತದೆ. ಆ ನೋವು ಸುಳ್ಳಲ್ಲ.

ನೀವು ನೋಡಿದ್ದು ಬಹುಶಃ ಜಾರ್ಜಿಯಾ ರಾಜ್ಯದ ಕ್ಲಾರ್ಕ್ಸ್‌ಟನ್‌ನಲ್ಲಿ ಅಕ್ಟೋಬರ್ 24ರಂದು ನಡೆದ ಸಭೆ. ಒಬಾಮ ಕೂಡ ಅಲ್ಲಿದ್ದರು. ಆ ಸಭೆಯಿಂದ ಹೆಸರು ಹಾಳಾಯಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಸರಿಯಾಗಿ ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು. ಅದೂ ನಿಮ್ಮ ಮಗಳು ಇರುವ ರಾಜ್ಯಕ್ಕೇ.

1984ರ ಸೆಪ್ಟೆಂಬರ್ 19. ನ್ಯೂಜೆರ್ಸಿಯ ಹ್ಯಾಮಂಟನ್, ಬ್ಲೂಬೆರಿ ಬೆಳೆಗೆ ಹೆಸರಾದ ಸಣ್ಣ ಊರು. ಎರಡನೇ ಸಲ ಅಧ್ಯಕ್ಷರಾಗಲು ಹೊರಟಿದ್ದ ರೊನಾಲ್ಡ್ ರೇಗನ್ ಅಲ್ಲಿ ಭಾಷಣ ಮಾಡಿದರು. ಅಮೆರಿಕದ ಭವಿಷ್ಯ ನಿಮ್ಮ ಕನಸುಗಳಲ್ಲಿದೆ, ನಿಮ್ಮದೇ ನ್ಯೂಜೆರ್ಸಿಯ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹಾಡುಗಳ ಭರವಸೆಯ ಮಾತಿನಲ್ಲಿದೆ ಎಂದರು. ಆ ವರ್ಷ ಜೂನ್‌ನಲ್ಲಿ 'ಬಾರ್ನ್ ಇನ್ ದಿ ಯುಎಸ್‌ಎ' ಆಲ್ಬಮ್ ಬಂದಿತ್ತು. ಎಲ್ಲ ರೇಡಿಯೊದಲ್ಲೂ ಅದೇ. ಅದೇ ಹೆಸರಿನ ಹಾಡಿನಲ್ಲಿ ಮುಷ್ಟಿ ಎತ್ತಿ ಕೂಗುವ ಪಲ್ಲವಿ, ಅದರ ಹಿಂದೆ ಗುಂಡು ಹಾರಿದ ಹಾಗೆ ಡ್ರಮ್. ದೇಶಾಭಿಮಾನದ ಹಾಡು ಅಂತ ಯಾರಿಗಾದರೂ ಅನಿಸಬೇಕು.

ಈಗ ಚರಣಕ್ಕೆ ಬನ್ನಿ. ಸತ್ತಂತಿರುವ ಒಂದು ಊರಿನಲ್ಲಿ ಹುಟ್ಟಿದ ಹುಡುಗ. ಏನೋ ಸಣ್ಣ ತಕರಾರಿನಲ್ಲಿ ಸಿಕ್ಕಿಬೀಳುತ್ತಾನೆ. ಕೈಗೆ ಬಂದೂಕು ಕೊಟ್ಟು ವಿಯೆಟ್ನಾಂಗೆ ಕಳಿಸುತ್ತಾರೆ. ವಾಪಸ್ ಬಂದು ತೈಲ ಸಂಸ್ಕರಣಾಗಾರದಲ್ಲಿ ಕೆಲಸ ಕೇಳುತ್ತಾನೆ, ನನ್ನ ಕೈಲಿಲ್ಲ ಅನ್ನುತ್ತಾರೆ. ಮಾಜಿ ಸೈನಿಕರ ಕಚೇರಿಗೆ ಹೋಗುತ್ತಾನೆ, ಅಲ್ಲೂ ಅದೇ. ಅವನ ಅಣ್ಣನೋ ತಮ್ಮನೋ ವಿಯೆಟ್ನಾಂನ ಖೆ ಸಾನ್ ಕಾಳಗದಲ್ಲಿದ್ದವನು. ಎದುರಾಳಿಗಳು ಇನ್ನೂ ಅಲ್ಲೇ ಇದ್ದಾರೆ, ಅವನು ಮಾತ್ರ ಇಲ್ಲ. ಉಳಿದಿರುವುದು ಒಂದು ಫೋಟೊ, ಸೈಗಾನ್‌ನಲ್ಲಿ ಅವನು ಪ್ರೀತಿಸಿದ ಹೆಣ್ಣಿನ ತೋಳಿನಲ್ಲಿ. ಕೊನೆಗೆ ಜೈಲಿನ ನೆರಳು, ಸಂಸ್ಕರಣಾಗಾರದ ಬೆಂಕಿ, ಹೋಗಲು ಜಾಗವೇ ಇಲ್ಲದ ಒಬ್ಬ ಮನುಷ್ಯ. ಇದು ಭರವಸೆಯ ಹಾಡೇ? ಅದೇ ಸಣ್ಣ ಸ್ವರಸಾಲು ಮೊದಲಿನಿಂದ ಕೊನೆಯವರೆಗೂ ತಿರುಗುತ್ತಾ ಇರುತ್ತದೆ, ಅವನಿಗೆ ಹೊರಬರಲು ದಾರಿ ಇಲ್ಲದ ಹಾಗೆ.

ನಾನು ಈ ಹಾಡನ್ನು ಮೊದಲು ಕೇಳಿದ್ದು ಹಾಸ್ಟೆಲ್ ರೂಮಿನಲ್ಲಿ, ಯಾರೋ ಯಾರಿಂದಲೋ ಕಾಪಿ ಮಾಡಿಸಿದ ಕ್ಯಾಸೆಟ್ಟಿನಲ್ಲಿ. ನಾನೂ ಪಲ್ಲವಿಯನ್ನಷ್ಟೇ ಕೂಗಿದವನು. ಎಷ್ಟೋ ವರ್ಷದ ಮೇಲೆ ಸಾಹಿತ್ಯ ಮುಂದಿಟ್ಟುಕೊಂಡು ಕೇಳಿದೆ. ಆ ಫೋಟೊದ ಸಾಲಿಗೆ ಬಂದಾಗ ಟೇಪ್ ನಿಲ್ಲಿಸಿ ಸುಮ್ಮನೆ ಕೂತಿದ್ದು ಇವತ್ತಿಗೂ ನೆನಪಿದೆ. ಪಲ್ಲವಿ ಮೆರವಣಿಗೆಗೆ ಹೋಗುತ್ತದೆ, ಚರಣ ಮನೆಯಲ್ಲೇ ಉಳಿಯುತ್ತದೆ. ನನ್ನ ಉತ್ತರವೆಲ್ಲ ಈ ಒಂದು ಮಾತಿನ ಸುತ್ತ ಇದೆ.

ಹ್ಯಾಮಂಟನ್ ಭಾಷಣದ ಎರಡು-ಮೂರು ದಿನಕ್ಕೆ ಸ್ಪ್ರಿಂಗ್‌ಸ್ಟೀನ್ ಪಿಟ್ಸ್‌ಬರ್ಗ್‌ನಲ್ಲಿದ್ದರು. ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದ ಊರು. ಅಧ್ಯಕ್ಷರು ನನ್ನ ಹೆಸರು ಹೇಳಿದರಂತೆ, ಅವರಿಗೆ ನನ್ನ ಯಾವ ಆಲ್ಬಮ್ ಇಷ್ಟವೋ, 'ನೆಬ್ರಾಸ್ಕಾ' ಅಂತೂ ಇರಲಾರದು ಎಂದು ವೇದಿಕೆಯಲ್ಲಿ ಹೇಳಿ, ಆ ಆಲ್ಬಮ್ಮಿನದೇ 'ಜಾನಿ 99' ಶುರು ಮಾಡಿದರು. ನ್ಯೂಜೆರ್ಸಿಯ ಮಾವಾದಲ್ಲಿ ಕಾರು ಕಾರ್ಖಾನೆ ಮುಚ್ಚಿ, ಕೆಲಸ ಹೋದವನು ಕೊಲೆ ಮಾಡುವ ಕಥೆ ಅದು. ಅಷ್ಟೇ ಅವರು ಕೊಟ್ಟ ಉತ್ತರ. ಯಾರಿಗೂ ಓಟು ಹಾಕಿ ಅನ್ನಲಿಲ್ಲ. ರೇಗನ್ ಎದುರು ನಿಂತಿದ್ದ ಮಾಂಡೇಲ್ ಕೂಡ ಈ ಗಾಯಕ ನಮ್ಮ ಕಡೆ ಎಂದು ಹೇಳಿ, ಆಮೇಲೆ ಆ ಮಾತು ತಿದ್ದಿಕೊಳ್ಳಬೇಕಾಯಿತು. ನವೆಂಬರ್‌ನಲ್ಲಿ ರೇಗನ್ 50ರಲ್ಲಿ 49 ರಾಜ್ಯ ಗೆದ್ದರು.

ಆಮೇಲೆ ಇಪ್ಪತ್ತು ವರ್ಷ ಸ್ಪ್ರಿಂಗ್‌ಸ್ಟೀನ್ ಯಾವ ಅಧ್ಯಕ್ಷ ಅಭ್ಯರ್ಥಿಯ ಪರವೂ ಪ್ರಚಾರ ಮಾಡಲಿಲ್ಲ. 2004ರಲ್ಲಿ ಜಾನ್ ಕೆರಿ ಪರ ನಿಂತದ್ದೇ ಮೊದಲು. ಆ ಇಪ್ಪತ್ತು ವರ್ಷದ ಮೌನದಿಂದ ಹಾಡಿಗೆ ಏನಾದರೂ ರಕ್ಷಣೆ ಸಿಕ್ಕಿತೇ? ಇಲ್ಲವಲ್ಲ. ಬೇರೆ ಬೇರೆ ಸಭೆಗಳಲ್ಲಿ, ಕುಸ್ತಿ ಮೈದಾನಗಳಲ್ಲಿ, ಸ್ವಾತಂತ್ರ್ಯ ದಿನದ ಪಟಾಕಿ ಹೊಡೆಯುವ ಜುಲೈ 4ರ ರಾತ್ರಿಗಳಲ್ಲಿ ಪಲ್ಲವಿ ಮೊಳಗುತ್ತಲೇ ಇತ್ತು. ನಿಮ್ಮ ಅಳಿಯಂದಿರು ಬೆಲೆ ಕೊಡುವ 'ಸುಮ್ನೆ ಹಾಡೋ' ಕೆಲಸವನ್ನು ಇವರು ಇಪ್ಪತ್ತು ವರ್ಷ ಮಾಡಿ ನೋಡಿದ್ದಾರೆ. ಬಾಯಿ ಬಿಡದಿದ್ದರೆ ಬೇರೆಯವರು ನಮ್ಮ ಬಾಯಲ್ಲಿ ಮಾತಾಡುತ್ತಾರೆ ಎಂಬುದು ಅವರಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. 2004ರ ನಂತರದ ಮಾತುಗಳನ್ನು ನಾನು ಹಾಗೆ ನೋಡುತ್ತೇನೆ.

ಈ ಪಲ್ಲವಿ-ಚರಣದ ಕಥೆ ಇವರೊಬ್ಬರದ್ದಲ್ಲ. 2015ರ ಜೂನ್ 16ರಂದು ಡೊನಾಲ್ಡ್ ಟ್ರಂಪ್ ತಮ್ಮ ಕಟ್ಟಡದ ಎಸ್ಕಲೇಟರಿನಲ್ಲಿ ಇಳಿದು ಬಂದು ಸ್ಪರ್ಧೆ ಘೋಷಿಸಿದ ದಿನ ಅಲ್ಲಿ ಹಾಕಿದ್ದು ನೀಲ್ ಯಂಗ್ ಅವರ 'ರಾಕಿಂಗ್ ಇನ್ ದಿ ಫ್ರೀ ವರ್ಲ್ಡ್'. 1989ರ ಹಾಡು. ಅದರ ಚರಣದಲ್ಲಿ ಕೈಕೂಸನ್ನು ಬಿಟ್ಟು ಹೋಗುವ, ಅಮಲಿಗೆ ಬಿದ್ದ ಒಬ್ಬ ತಾಯಿ ಇದ್ದಾಳೆ. 2020ರಲ್ಲಿ ಅದೇ ಟ್ರಂಪ್ ಸಭೆಗಳಲ್ಲಿ ಜಾನ್ ಫೋಗರ್ಟಿ ಅವರ 'ಫಾರ್ಚುನೇಟ್ ಸನ್' ಹಾಕಿದರು. ಶ್ರೀಮಂತರ ಮಕ್ಕಳು ಯುದ್ಧದಿಂದ ತಪ್ಪಿಸಿಕೊಳ್ಳುತ್ತಾರೆ, ಬಡವರ ಮಕ್ಕಳು ಹೋಗುತ್ತಾರೆ ಎಂದು 1969ರಲ್ಲಿ ಕೋಪದಿಂದ ಬರೆದ ಹಾಡು. ಫೋಗರ್ಟಿ ಸ್ವತಃ ಸೈನ್ಯದ ರಿಸರ್ವ್ ಪಡೆಯಲ್ಲಿ ಇದ್ದವರು. ಇಬ್ಬರೂ ಬೇಡ ಎಂದರು.

ಬೇಡ ಅನ್ನಬಹುದೇ ಎಂಬುದು ನಿಮ್ಮ ಎರಡನೇ ಪ್ರಶ್ನೆ. ಪೂರ್ತಿಯಾಗಿ ಅಲ್ಲ, ಆದರೆ ಸ್ವಲ್ಪ ಮಟ್ಟಿಗೆ ಹೌದು. ಅಮೆರಿಕದ ಸ್ಟೇಡಿಯಂಗಳು, ಸಭಾಂಗಣಗಳು ಹಾಡುಗಳ ಹಕ್ಕು ನೋಡಿಕೊಳ್ಳುವ ಆಸ್ಕ್ಯಾಪ್, ಬಿಎಂಐ ಎಂಬ ಸಂಘಗಳಿಂದ ಒಟ್ಟಿಗೇ ಲೈಸೆನ್ಸ್ ಪಡೆದಿರುತ್ತವೆ. ಪಕ್ಷಗಳೂ ಬೇರೆಯಾಗಿ ಪಡೆಯುತ್ತವೆ. ಹಾಗಾಗಿ ಸಭೆಯಲ್ಲಿ ಹಾಡು ಹಾಕಿದರೆ ಕಳ್ಳತನ ಅನ್ನಲು ಬರುವುದಿಲ್ಲ. ಆದರೆ ರಾಜಕೀಯ ಪ್ರಚಾರದ ಲೈಸೆನ್ಸಿನಿಂದ ನನ್ನ ಹಾಡು ತೆಗೆಯಿರಿ ಎಂದು ಬರೆದವರು ಕೇಳಬಹುದು. 2020ರಲ್ಲಿ ರೋಲಿಂಗ್ ಸ್ಟೋನ್ಸ್ ಹಾಡುಗಳ ವಿಷಯದಲ್ಲಿ ಬಿಎಂಐ ಹೀಗೇ ಮಾಡಿತು. ಟಿವಿ ಜಾಹೀರಾತು ಬೇರೆ ಲೆಕ್ಕ. ದೃಶ್ಯಕ್ಕೆ ಹಾಡು ಕೂಡಿಸಬೇಕಾದರೆ ಪ್ರತ್ಯೇಕ ಅನುಮತಿ ಬೇಕೇ ಬೇಕು. 2008ರಲ್ಲಿ ಅಧ್ಯಕ್ಷ ಅಭ್ಯರ್ಥಿ ಜಾನ್ ಮೆಕೇನ್ ಪರ ಜಾಹೀರಾತಿನಲ್ಲಿ ಗಾಯಕ ಜ್ಯಾಕ್ಸನ್ ಬ್ರೌನ್ ಹಾಡು ಬಳಸಿದ್ದಕ್ಕೆ ಬ್ರೌನ್ ಕೋರ್ಟಿಗೆ ಹೋದರು, ಮರುವರ್ಷ ಕ್ಷಮೆ ಕೇಳಿಸಿಕೊಂಡು ರಾಜಿಯಾದರು. ಫ್ಲೋರಿಡಾದ ರಾಜಕಾರಣಿ ಚಾರ್ಲಿ ಕ್ರಿಸ್ಟ್ ಅಂತೂ ಇಂಥದ್ದೇ ತಪ್ಪಿಗೆ 2011ರಲ್ಲಿ ಗಾಯಕ ಡೇವಿಡ್ ಬರ್ನ್ ಅವರ ಕ್ಷಮೆಯನ್ನು ವಿಡಿಯೊದಲ್ಲೇ ಕೇಳಿದರು.

ನಮ್ಮಲ್ಲೂ ಇಂಥದ್ದು ಆಯಿತಲ್ಲ, ನಿಮಗೆ ನೆನಪಿರಬಹುದು. ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಲ್ಲಿ ಕೆಜಿಎಫ್-2ರ ಹಾಡು ಬಳಸಿದರೆಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ದೂರು ಕೊಟ್ಟಿತು. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಕೋರ್ಟು ಕಾಂಗ್ರೆಸ್‌ನ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಹೇಳಿತು. ಮಾರನೆಯ ದಿನ ಹೈಕೋರ್ಟು, ಆ ತುಣುಕು ತೆಗೆಯಬೇಕೆಂಬ ಷರತ್ತಿನ ಮೇಲೆ ಆ ಆದೇಶ ರದ್ದು ಮಾಡಿತು. ಆ ಜಗಳದಲ್ಲಿ ಮಾತಾಡಿದ್ದು ಹಕ್ಕು ಕೊಂಡ ಕಂಪನಿ. ಹಾಡಿದವರ ಮನಸ್ಸಿನಲ್ಲಿ ಏನಿತ್ತು ಎಂಬ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. ಆ ಪ್ರಶ್ನೆಯೂ ಏಳಬೇಕು ಅನ್ನುವವನು ನಾನು.

ಸತ್ತ ಮೇಲೆ ಯಾರು ಹೇಳಬೇಕು ಎಂದು ಕೇಳಿದ್ದೀರಿ. ಅಮೆರಿಕದ ರಾಕ್ ಗಾಯಕ ಟಾಮ್ ಪೆಟ್ಟಿ ಕಥೆ ಹೇಳುತ್ತೇನೆ. 1987ರಲ್ಲಿ ಅವರ ಮನೆಗೆ ಯಾರೋ ಬೆಂಕಿ ಹಚ್ಚಿದರು. ಮನೆಯವರ ಜೊತೆ ಜೀವ ಉಳಿಸಿಕೊಂಡು ಹೊರಬಂದರು. ಆಮೇಲಿನ ದಿನಗಳಲ್ಲಿ ಹುಟ್ಟಿ 1989ರಲ್ಲಿ ಬಂದ ಹಾಡು 'ಐ ವೋಂಟ್ ಬ್ಯಾಕ್ ಡೌನ್', ಹಿಂದೆ ಸರಿಯಲ್ಲ ಅಂತ. ಯಾವ ಅಭ್ಯರ್ಥಿಗೆ ತಾನೇ ಬೇಡ ಇಂಥ ಪಲ್ಲವಿ? 2000ದಲ್ಲಿ ಜಾರ್ಜ್ ಬುಷ್ ಪ್ರಚಾರದವರು ಹಾಕಿದರು. ಪೆಟ್ಟಿ ಕಡೆಯಿಂದ ನೋಟಿಸ್ ಹೋಯಿತು, ನಿಲ್ಲಿಸಿದರು. ಆ ಚುನಾವಣೆ ಫ್ಲೋರಿಡಾದ 537 ಮತಗಳಲ್ಲಿ ತೀರ್ಮಾನ ಆಗಿದ್ದು ನಿಮಗೆ ಗೊತ್ತೇ ಇದೆ. ಡಿಸೆಂಬರ್ 13ರ ರಾತ್ರಿ ಅಲ್ ಗೋರ್ ಸೋಲು ಒಪ್ಪಿಕೊಂಡು ಮಾತಾಡಿದರು. ಅದಾದ ಮೇಲೆ ಗೋರ್ ಮನೆಯಲ್ಲಿ ಪೆಟ್ಟಿ ಅದೇ ಹಾಡು ಹಾಡಿದರು. ಹಿಂದೆ ಸರಿಯಲ್ಲ ಅನ್ನುವ ಹಾಡನ್ನು, ಆಗಷ್ಟೇ ಹಿಂದೆ ಸರಿದ ಮನುಷ್ಯನ ಮನೆಯಲ್ಲಿ! ಆ ರಾತ್ರಿ ಆ ಹಾಡು ಎಷ್ಟು ಬೇರೆಯಾಗಿ ಕೇಳಿಸಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಪೆಟ್ಟಿ 2017ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. 2020ರ ಜೂನ್‌ನಲ್ಲಿ ಟಲ್ಸಾ ಊರಿನ ಟ್ರಂಪ್ ಸಭೆಯಲ್ಲಿ ಮತ್ತೆ ಅದೇ ಹಾಡು. ಹೆಂಡತಿ ಮತ್ತು ಹೆಣ್ಣುಮಕ್ಕಳು ಒಟ್ಟಿಗೆ ಹೇಳಿಕೆ ಕೊಟ್ಟು ನಿಲ್ಲಿಸಿ ಎಂದರು. ಹಿಂದಿನ ವರ್ಷ ಇವರೇ ಪೆಟ್ಟಿ ಬಿಟ್ಟುಹೋದ ಆಸ್ತಿ ವಿಷಯಕ್ಕೆ ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಿದ್ದವರು. ಅವರು ಒಂದಾಗಿ ನಿಂತದ್ದು ಹೇಗೆ? ಪೆಟ್ಟಿ ಬದುಕಿದ್ದಾಗಲೇ, 2000ದಲ್ಲೇ, ತಮ್ಮ ಮನಸ್ಸು ಏನೆಂದು ಹೇಳಿ ಹೋಗಿದ್ದರು. ಬಾಯಿ ಬಿಟ್ಟು ಹೇಳಿದ್ದರ ಬೆಲೆ ಅಲ್ಲಿ ಗೊತ್ತಾಗುತ್ತದೆ.

ಇನ್ನು ಒಂದು ಮಾತು ನ್ಯಾಯವಾಗಿ ಹೇಳಬೇಕು. ನನಗೆ ಹಿಡಿಸುವ ಅಭಿಪ್ರಾಯ ಇದ್ದವರಿಗೆ ಮಾತ್ರ ಈ ಹಕ್ಕು ಅಂತಲ್ಲ. ರಮೋನ್ಸ್ ತಂಡದ ಜಾನಿ ರಮೋನ್ ಕಟ್ಟಾ ರಿಪಬ್ಲಿಕನ್. 2002ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ವೇದಿಕೆಯಲ್ಲಿ ಅಧ್ಯಕ್ಷ ಬುಷ್‌ಗೆ ದೇವರು ಒಳ್ಳೆಯದು ಮಾಡಲಿ ಎಂದರು. ಅದರಿಂದ ಅವರ ಗಿಟಾರ್ ನನಗೆ ಕಡಿಮೆ ಆಗಿಲ್ಲ. ನನಗೆ ಕಡಿಮೆ ಆದದ್ದು ಇಂಗ್ಲೆಂಡಿನ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ವಿಷಯದಲ್ಲಿ. 1976ರ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್ ವೇದಿಕೆಯಿಂದ ವಲಸಿಗರನ್ನು ವಿರೋಧಿಸುತ್ತಿದ್ದ ರಾಜಕಾರಣಿ ಎನಾಕ್ ಪೊವೆಲ್ ಪರ ಮಾತಾಡಿ, ಹೊರಗಿನಿಂದ ಬಂದವರು ದೇಶ ಬಿಟ್ಟು ಹೋಗಬೇಕೆಂದರು. ಕಪ್ಪು ಜನರ ಬ್ಲೂಸ್ ನುಡಿಸಿ ದೊಡ್ಡವರಾದವರು ಅವರು. ಆಮೇಲೆ ನಾಚಿಕೆಪಟ್ಟಿದ್ದಾರೆ, ನಿಜ. ಆದರೂ ಓಟು ಕೇಳುವುದು ಬೇರೆ, ಎದುರಿಗೆ ಕೂತವರನ್ನೇ ಎದ್ದು ಹೋಗಿ ಅನ್ನುವುದು ಬೇರೆ. ಆ ಗೆರೆಯನ್ನು ನಾನು ಬಿಡುವುದಿಲ್ಲ.

ನಿಮ್ಮ ಅಳಿಯಂದಿರ ವಾದಕ್ಕೆ ನಿಜವಾದ ಬಲ ಕೊಡುವ ಉದಾಹರಣೆ ಅಮೆರಿಕದಲ್ಲಿಲ್ಲ, ಆಸ್ಟ್ರೇಲಿಯಾದಲ್ಲಿದೆ. ಅದನ್ನು ಮುಚ್ಚಿಟ್ಟು ನಾನು ಗೆಲ್ಲಬಾರದು. ಮಿಡ್‌ನೈಟ್ ಆಯಿಲ್ ಎಂಬ ರಾಕ್ ತಂಡದ ಗಾಯಕ ಪೀಟರ್ ಗ್ಯಾರೆಟ್. ಬೋಳು ತಲೆ, ಎತ್ತರದ ಆಳು, ವೇದಿಕೆಯಲ್ಲಿ ಮೈ ಮುರಿದುಕೊಂಡಂತೆ ಕುಣಿಯುತ್ತಿದ್ದರು. 1986ರಲ್ಲಿ ತಂಡ ಮರುಭೂಮಿಯ ಮೂಲನಿವಾಸಿಗಳ ಹಳ್ಳಿಗಳನ್ನು ಸುತ್ತಿ ಬಂತು. ಆ ಜನರ ನೆಲ ಅವರಿಗೆ ವಾಪಸ್ ಕೊಡಿ ಎನ್ನುವ 'ಬೆಡ್ಸ್ ಆರ್ ಬರ್ನಿಂಗ್' ಆ ಓಡಾಟದಿಂದ ಬಂದದ್ದು. 2000ದ ಸಿಡ್ನಿ ಒಲಿಂಪಿಕ್ಸ್ ಕೊನೆಯ ದಿನ ಆ ಹಾಡು ಹಾಡುವಾಗ ಇಡೀ ತಂಡ ಕಪ್ಪು ಬಟ್ಟೆ ಹಾಕಿತ್ತು. ಬಟ್ಟೆಯ ಮೇಲೆ 'ಸಾರಿ' ಎಂಬ ಬಿಳಿ ಅಕ್ಷರ. ಮೂಲನಿವಾಸಿಗಳ ಕ್ಷಮೆ ಕೇಳಲು ಒಪ್ಪದಿದ್ದ ಪ್ರಧಾನಿ ಜಾನ್ ಹೋವರ್ಡ್ ಅದೇ ಕ್ರೀಡಾಂಗಣದಲ್ಲಿ ಕೂತಿದ್ದರು.

ಗ್ಯಾರೆಟ್ 2004ರಲ್ಲಿ ಲೇಬರ್ ಪಕ್ಷದಿಂದ ಸಂಸದರಾದರು, 2007ರಲ್ಲಿ ಪರಿಸರ ಮಂತ್ರಿ. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಮೂಲನಿವಾಸಿಗಳ ಕ್ಷಮೆ ಕೇಳಿದರು. ಎಂಟು ವರ್ಷ ಹಿಂದೆ ಬಟ್ಟೆಯ ಮೇಲೆ ಆ ಮಾತು ಹೊತ್ತವರು ಈಗ ಅದೇ ಸರ್ಕಾರದ ಮಂತ್ರಿ. ಮಾರನೆಯ ವರ್ಷ, 2009ರ ಜುಲೈನಲ್ಲಿ, ಯುರೇನಿಯಂ ಗಣಿಗಾರಿಕೆ ವಿರುದ್ಧ ಜೀವನವಿಡೀ ನಿಂತಿದ್ದ ಅದೇ ಗ್ಯಾರೆಟ್ ಒಂದು ಹೊಸ ಯುರೇನಿಯಂ ಗಣಿಗೆ ಒಪ್ಪಿಗೆ ಕೊಟ್ಟರು. ಎಷ್ಟೋ ಅಭಿಮಾನಿಗಳು ಅವರನ್ನು ಕ್ಷಮಿಸಲಿಲ್ಲ. ನನಗೂ ಆ ಸುದ್ದಿ ಓದಿ ತುಂಬಾ ಬೇಜಾರಾಗಿತ್ತು. ಈಗಲೂ ಆ ಸಹಿ ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಸಂಸತ್ತಿಗೆ ಹೋಗದೇ ಇದ್ದಿದ್ದರೆ ಹೆಸರು ಶುದ್ಧವಾಗಿ ಉಳಿಯುತ್ತಿತ್ತು ಎಂದು ಯಾರಾದರೂ ಅಂದರೆ, ಆ ಫೆಬ್ರವರಿಯ ದಿನವನ್ನೂ ಲೆಕ್ಕಕ್ಕೆ ಇಡಿ ಅನ್ನುತ್ತೇನೆ. 2017ರಲ್ಲಿ ತಂಡ ಮತ್ತೆ ಸೇರಿ ಊರೂರು ಸುತ್ತಿತು. ಜನ ತುಂಬಿ ಬಂದರು.

ಅಳಿಯಂದಿರ ಜೊತೆ ಮುಂದೆ ಮಾತಾಡುವಾಗ ವಾದಕ್ಕೆ ಹೋಗಬೇಡಿ. ಒಂದು ಕೆಲಸ ಮಾಡಿ. 'ಬಾರ್ನ್ ಇನ್ ದಿ ಯುಎಸ್‌ಎ' ಹಾಡಿನ ಮೊದಲ ರೂಪ ಒಂದಿದೆ. 1982ರ ಶುರುವಿನಲ್ಲಿ ಸ್ಪ್ರಿಂಗ್‌ಸ್ಟೀನ್ ತಮ್ಮ ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರ್ ಇಟ್ಟುಕೊಂಡು ಒಬ್ಬರೇ ಹಾಡಿದ್ದು. ಡ್ರಮ್ ಇಲ್ಲ, ಮುಷ್ಟಿ ಎತ್ತಿಸುವ ಅಬ್ಬರ ಇಲ್ಲ. ಚರಣದ ಒಂದೊಂದು ಮಾತೂ ಕಿವಿಗೆ ಬೀಳುತ್ತದೆ. 1998ರಲ್ಲಿ ಬಂದ 'ಟ್ರ್ಯಾಕ್ಸ್' ಸಂಗ್ರಹದಲ್ಲಿ ಸಿಗುತ್ತದೆ. ಆ ಮನೆ ಇದ್ದದ್ದು ಕೋಲ್ಟ್ಸ್ ನೆಕ್‌ನಲ್ಲಿ, ನಿಮ್ಮ ಮಗಳು-ಅಳಿಯ ಇರುವ ನ್ಯೂಜೆರ್ಸಿಯಲ್ಲೇ. ಮಗಳು, ಅಳಿಯ, ನೀವು ಮೂವರೂ ಕೇಳಿ. ಅವರು ಏನಂದರು ಅಂತ ತಪ್ಪದೆ ಬರೆಯಿರಿ.

ಸಂಪಾದಕ